ಕನ್ನಡ ಲೇಖಕನ ಪ್ರತಿನಿಧಿ ಯಾರು?

ಪುಣೆಯ ಸ್ವಾರಗೇಟ ಬಸ್ ನಿಲ್ದಾಣಕ್ಕೆ ಬೆಳಗಾವಿ, ಹುಬ್ಬಳ್ಳಿ, ವಿಜಯಪುರಗಳ ಕಡೆಯಿಂದ ಬರುವ ಕರ್ನಾಟಕದ ಬಸ್ಸುಗಳು ಹಣೆಯ ಮೇಲೆ ಕನ್ನಡ ಅಕ್ಷರಗಳನ್ನು ಹೊತ್ತೇ ಬರುತ್ತವೆ. ಬೆಳಗಾವಿಯಿಂದ ಈ ನಿಲ್ದಾಣಕ್ಕೆ ಸುಮಾರು 340 ಕಿಲೋಮೀಟರು. ಒಂದು ರಾತ್ರಿಯ ಪ್ರಯಾಣ. ಇಲ್ಲಿ ಇಳಿದವನ ಮುಂದೆ ಎರಡು ದಾರಿಗಳುಂಟು. ಟಿಳಕ ರಸ್ತೆಯ ಗುಂಟ ಹೋದರೆ 1906ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಸಾಹಿತ್ಯ ಪರಿಷತ್ತು, ಅದರ ಸುತ್ತಲಿನ ಸದಾಶಿವ ಪೇಟೆಯಲ್ಲಿ ಮರಾಠಿಯ ಹೆಸರಾಂತ ಪ್ರಕಾಶಕರ ಕಚೇರಿಗಳು. ಇನ್ನೊಂದು ದಿಕ್ಕಿಗೆ ಹೊರಳಿದರೆ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡ್. ಅಲ್ಲಿ ಉಳ್ಳಾಗಡ್ಡಿಗೂ ಬೆಲ್ಲಕ್ಕೂ ಒಬ್ಬ ಅಡತ್ಯಾ ಇದ್ದಾನೆ. ಮಾಲು ಅವನದಲ್ಲ; ಆದರೆ ಮಾಲಿನ ಪರವಾಗಿ ಕೂಗುವವನು, ತೂಗಿಸುವವನು, ಹಣ ವಸೂಲಿ ಮಾಡಿ ತನ್ನ ಅಡತಿಯನ್ನು ಮುರಿದುಕೊಳ್ಳುವವನು ಅವನು. ಟಿಳಕ ರಸ್ತೆಯ ಕಡೆಗೆ ಹೋಗುವ ಕನ್ನಡ ಕಾದಂಬರಿಗೆ ಅಂಥವನೊಬ್ಬನೂ ಇಲ್ಲ.

ಅಡತಿಯ ಹೋಲಿಕೆ ಸಾಹಿತ್ಯದ ಗೌರವಕ್ಕೆ ತಕ್ಕದ್ದಲ್ಲವೆಂದು ಕೆಲವರಿಗೆ ಅನ್ನಿಸಬಹುದು. ಕನ್ನಡದ ವಿದ್ವತ್ತು ಸಾಹಿತ್ಯ ಕೃತಿಯನ್ನು ಸರಕೆಂದು ಕರೆಯಲು ಬಹುಕಾಲ ನಾಚಿಕೊಂಡಿದೆ. ಆ ನಾಚಿಕೆಯಿಂದ ಲಾಭವಾದದ್ದು ಲೇಖಕನಿಗಂತೂ ಅಲ್ಲ.

ಲೇಖಕನ ಪರವಾಗಿ ಪ್ರಕಾಶಕನೊಡನೆ ಮಾತಾಡಿ, ಕರಾರು ಬರೆಯಿಸಿ, ಬಂದ ಹಣದಲ್ಲಿ ಒಂದು ಪಾಲು ಪಡೆಯುವ ವೃತ್ತಿ ಇಂಗ್ಲಿಷಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬೇರೂರಿತು. ಲಂಡನ್ನಿನ ಎ.ಪಿ. ವಾಟ್ ಈ ವೃತ್ತಿಯನ್ನು ನೆಲೆಗೊಳಿಸಿದವನು. ಲೇಖಕನ ಸಂಪಾದನೆಯ ಹತ್ತನೆಯ ಒಂದು ಪಾಲು ಅವನ ದಸ್ತೂರಿಯಾಗಿತ್ತು. ಕಿಪ್ಲಿಂಗ್ ಅವನ ಕಕ್ಷಿದಾರರಲ್ಲೊಬ್ಬ. ಅವನ ನಂತರ ಬಂದ ಜೆ.ಬಿ. ಪಿಂಕರ್, ಕಾನ್ರಾಡನಿಗೆ ಕಷ್ಟಕಾಲದಲ್ಲಿ ಮುಂಗಡ ಹಣ ಕೊಟ್ಟು ವರ್ಷಗಟ್ಟಲೆ ಸಾಕಿದನೆನ್ನಬೇಕು. ಪ್ರಕಾಶಕ ವಿಲಿಯಂ ಹೈನ್‌ಮನ್ ಈ ಮಧ್ಯಸ್ಥರನ್ನು ಪರಾವಲಂಬಿಗಳೆಂದೇ ತಿಳಿದಿದ್ದ. ಆದರೂ ನೂರು ವರ್ಷಗಳಲ್ಲಿ ಇಂಗ್ಲಿಷ್ ಪ್ರಕಾಶನದ ದೊಡ್ಡ ಮನೆಗಳು ಪ್ರತಿನಿಧಿಯಿಲ್ಲದೆ ಬಂದ ಹಸ್ತಪ್ರತಿಯನ್ನು ತೆರೆದು ನೋಡುವುದನ್ನೂ ಬಿಡುವ ಹಂತಕ್ಕೆ ಬಂದವು. ಭಾರತದಲ್ಲಿ ಇಂಥ ಏಜೆನ್ಸಿಗಳು ಕಾಣಿಸಿಕೊಂಡದ್ದು ತೀರ ಈಚೆಗೆ, ಅದೂ ಬಹುಮಟ್ಟಿಗೆ ಇಂಗ್ಲಿಷ್ ಬರಹಕ್ಕಾಗಿ.

ಕನ್ನಡದಲ್ಲಿ ಈ ಕೆಲಸ ನಡೆದೇ ಇಲ್ಲವೇ ಎಂದರೆ, ನಡೆದಿದೆ. ಅದನ್ನು ಮಾಡಿದವರು ಬೇರೆ ಹೆಸರಿನವರು. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ಕನ್ನಡ ವಿದ್ಯಾರ್ಥಿಗಳೆಲ್ಲರಿಗೂ ತಿಳಿದದ್ದೇ. ಅಲ್ಲಿ ಲೇಖಕ, ಪ್ರಕಾಶಕ, ಪ್ರತಿನಿಧಿ, ಹಮಾಲ ಎಲ್ಲವೂ ಒಬ್ಬನೇ. ಅವರು ಕನ್ನಡಕ್ಕೆ ತಂದ ಕಾದಂಬರಿಗಳಲ್ಲಿ ಹಲವು ಪುಣೆಯ ಹರಿ ನಾರಾಯಣ ಆಪಟೆಯವರವು. 1914ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಭಾರತದಲ್ಲಿ ಮೊದಲು ಪ್ರಕಟವಾದ ಕೃತಿಯ ಅನುವಾದದ ಹಕ್ಕು ಲೇಖಕನಿಗೆ ಇದ್ದದ್ದು 10 ವರ್ಷ ಮಾತ್ರ; ಅಷ್ಟರಲ್ಲಿ ಅವನ ಒಪ್ಪಿಗೆಯಿಂದ ಒಂದು ಭಾಷೆಗೆ ಅನುವಾದ ಬಂದಿದ್ದರೆ ಆ ಭಾಷೆಯ ಮಟ್ಟಿಗೆ ಹಕ್ಕು ಮುಂದುವರಿಯುತ್ತಿತ್ತು. ನವೋದಯದ ಮೊದಲ ದಿನಗಳಲ್ಲಿ ಬಂಗಾಲಿ, ಮರಾಠಿಗಳಿಂದ ಕನ್ನಡಕ್ಕೆ ಹರಿದು ಬಂದ ಹೊನಲನ್ನು ವಿವರಿಸುವಾಗ ಸಾಹಿತ್ಯ ಚರಿತ್ರೆಗಳು ರಾಷ್ಟ್ರಭಾವನೆಯನ್ನು ಹೇಳುತ್ತವೆ. ಈ ಹತ್ತು ವರ್ಷದ ಸಡಿಲನ್ನೂ ಗಣನೆಗೆ ತೆಗೆದುಕೊಳ್ಳಬೇಕು.

ಧಾರವಾಡದಲ್ಲಿ 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದ ಜಿ.ಬಿ. ಜೋಶಿಯವರು ಇನ್ನೊಂದು ಬಗೆಯ ಪ್ರತಿನಿಧಿ. ಹೊಸ ಲೇಖಕನನ್ನು ಹುಡುಕಿ, ಬರೆಯಿಸಿ, ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರಿಂದ ತಿದ್ದಿಸಿ, ಚಂದಾದಾರರ ಕೈಗೆ ತಲುಪಿಸುವ ಅಟ್ಟದ ವ್ಯವಸ್ಥೆ ಅದು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಇಂಥ ಪ್ರಕಾಶಕನೊಬ್ಬನಿದ್ದರೆ ಏಜೆಂಟನ ಹಂಗೇಕೆ ಎಂಬ ವಾದಕ್ಕೆ ಅಟ್ಟವೇ ಆಧಾರ. ಆದರೆ ಆ ವಾದ ಒಂದು ಮಿತಿಯವರೆಗೆ ಮಾತ್ರ ನಿಲ್ಲುತ್ತದೆ. ಪ್ರಕಾಶಕನ ಹಿತವೂ ಲೇಖಕನ ಹಿತವೂ ಮೊದಲ ಆವೃತ್ತಿಯಲ್ಲಿ ಒಂದೇ. ಎರಡನೆಯ ಆವೃತ್ತಿಯಿಂದ, ಅದರಲ್ಲೂ ಬೇರೆ ಭಾಷೆಯ ಹಕ್ಕು, ಚಲನಚಿತ್ರದ ಹಕ್ಕುಗಳ ಮಾತು ಬಂದಾಗ, ಅವು ಬೇರೆಯಾಗುತ್ತವೆ. ಒಳ್ಳೆಯ ಮನುಷ್ಯರ ನಡುವೆಯೂ ಇದು ಹೀಗೆಯೇ. ಅಷ್ಟಲ್ಲದೆ ಕನ್ನಡಕ್ಕೆ ಜೋಶಿಯವರು ದೊರೆತದ್ದು ಒಬ್ಬರೇ.

ಮೂರನೆಯ ಬಗೆಯ ಪ್ರತಿನಿಧಿ ಅನುವಾದಕ. ಇದಕ್ಕೆ ಪುಣೆಗಿಂತ ಉತ್ತಮ ನಿದರ್ಶನ ಸಿಗಲಾರದು. ಬೆಳಗಾವಿಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಉಮಾ ಕುಲಕರ್ಣಿಯವರು ಐವತ್ತಕ್ಕೂ ಮಿಕ್ಕಿ ಕೃತಿಗಳನ್ನು ಮರಾಠಿಗೆ ತಂದರು. ಶಿವರಾಮ ಕಾರಂತರು, ಎಸ್.ಎಲ್. ಭೈರಪ್ಪನವರು ಮರಾಠಿ ಓದುಗರಿಗೆ ಮನೆಯವರಂತಾದದ್ದು ಬಹುಮಟ್ಟಿಗೆ ಇವರಿಂದ. ‘ವಂಶವೃಕ್ಷ’ದ ಅನುವಾದಕ್ಕೆ ಸಾಹಿತ್ಯ ಅಕಾದೆಮಿಯ ಅನುವಾದ ಪುರಸ್ಕಾರ ಬಂದದ್ದು 1989ರಲ್ಲಿ, ಆ ಪುರಸ್ಕಾರ ಆರಂಭವಾದ ವರ್ಷವೇ. ಅವರ ಕೆಲಸದ ಕ್ರಮವೇ ವಿಶಿಷ್ಟವಾದದ್ದು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಕೃತಿಯನ್ನು ಗಟ್ಟಿಯಾಗಿ ಓದಿ ಟೇಪಿನಲ್ಲಿ ಮುದ್ರಿಸಿಡುವರು. ಅವರು ಕೆಲಸಕ್ಕೆ ಹೋದ ಮೇಲೆ ಉಮಾ ಅವರು ಅದನ್ನು ಕೇಳಿ ಕೇಳಿ ಮರಾಠಿಯಲ್ಲಿ ಬರೆಯುವರು. ಕಣ್ಣಿನ ಬದಲು ಕಿವಿಯಿಂದ ಆದ ಈ ಅನುವಾದಗಳ ವಾಕ್ಯಲಯವನ್ನು ಕುರಿತು ಪ್ರತ್ಯೇಕವಾದ ಅಧ್ಯಯನವೇ ನಡೆಯಬೇಕು. ವಿರೂಪಾಕ್ಷರು ತಾವೂ ಮರಾಠಿಯಿಂದ ಕನ್ನಡಕ್ಕೆ ಅನುವಾದಿಸಿದರು. ಒಂದೇ ಮನೆಯಲ್ಲಿ ಎರಡು ದಿಕ್ಕಿನ ಸಂಚಾರ.

ಇಲ್ಲಿ ಗಮನಿಸಬೇಕಾದದ್ದು ಪುರಸ್ಕಾರವನ್ನಲ್ಲ, ಅದರ ಹಿಂದಿನ ದುಡಿಮೆಯನ್ನು. ಭಾರತೀಯ ಭಾಷೆಗಳ ನಡುವೆ ಅನುವಾದಕನೇ ಕೃತಿಯನ್ನು ಆರಿಸುತ್ತಾನೆ, ಲೇಖಕನಿಗೆ ಪತ್ರ ಬರೆದು ಅನುಮತಿ ಬೇಡುತ್ತಾನೆ, ತನ್ನ ಭಾಷೆಯ ಪ್ರಕಾಶಕನನ್ನು ಹುಡುಕಿ ಈ ಹೊರಗಿನ ಲೇಖಕ ಯಾಕೆ ಮುಖ್ಯನೆಂದು ಮನವರಿಕೆ ಮಾಡುತ್ತಾನೆ, ಸಂಭಾವನೆಯ ಮಾತನ್ನೂ ತಾನೇ ಆಡುತ್ತಾನೆ, ಪುಸ್ತಕ ಬಂದ ಮೇಲೆ ಲೇಖಕನನ್ನು ಕರೆಸಿ ಸಭೆ ಮಾಡಿಸುತ್ತಾನೆ. ಲಂಡನ್ನಿನಲ್ಲಿ ಇಷ್ಟು ಕೆಲಸಕ್ಕೆ ಒಂದು ಕಚೇರಿ, ಗುಮಾಸ್ತರು, ಶೇಕಡಾ 15ರಿಂದ 20ರ ದಸ್ತೂರಿ ಇರುತ್ತದೆ. ಇಲ್ಲಿ ಅದು ಅನುವಾದದ ಮೇಲೆ ಸುಮ್ಮನೆ ಬಂದು ಕೂತ ಹೊರೆ. ಎ.ಕೆ. ರಾಮಾನುಜನ್ನರು ‘ಸಂಸ್ಕಾರ’ವನ್ನು ಇಂಗ್ಲಿಷಿಗೆ ತಂದಾಗಲೂ, 1976ರಲ್ಲಿ ಅದು ಆಕ್ಸ್‌ಫರ್ಡಿನಿಂದ ಬಂದಾಗಲೂ, ಅನಂತಮೂರ್ತಿಯವರಿಗೆ ಜಗತ್ತಿನ ಬಾಗಿಲು ತೆರೆದದ್ದು ಅನುವಾದಕನ ವ್ಯಕ್ತಿಗತ ಅಭಿಮಾನವೇ.

ವ್ಯಕ್ತಿಗತ ಅಭಿಮಾನದ ಮೇಲೆ ನಿಂತ ವ್ಯವಸ್ಥೆಯ ಗುಣ ದೊಡ್ಡದು, ದೋಷವೂ ದೊಡ್ಡದು. ಗುಣವೆಂದರೆ ಪ್ರೀತಿಯಿಂದ ಆರಿಸಿದ ಕೃತಿಗೆ ಸಿಗುವ ನಿಷ್ಠೆ. ದೋಷವೆಂದರೆ, ಆ ಒಂದು ಮನೆಯ ಅಭಿರುಚಿಯಲ್ಲಿ ಬಾರದ ಲೇಖಕ ಆ ಭಾಷೆಯಲ್ಲಿ ಹುಟ್ಟುವುದೇ ಇಲ್ಲ. ಪುಣೆಯ ಓದುಗನ ಮಟ್ಟಿಗೆ ಭೈರಪ್ಪನವರು ಎತ್ತರದ ಪರ್ವತ. ಅದೇ ಕಾಲದ ಎಷ್ಟೋ ಕನ್ನಡ ಕಥೆಗಾರರು ಅಲ್ಲಿ ನಕ್ಷೆಯ ಮೇಲೆ ಚುಕ್ಕೆಯಾಗಿಯೂ ಇಲ್ಲ. ಇದು ಅನುವಾದಕರ ತಪ್ಪಲ್ಲ. ಒಬ್ಬರ ಆಯುಷ್ಯಕ್ಕೆ ಐವತ್ತು ಪುಸ್ತಕ ಎಂದರೆ ಹೆಚ್ಚೇ ಆಯಿತು. ಉಳಿದವರನ್ನು ಅಲ್ಲಿಗೆ ಒಯ್ಯಬೇಕಾದ ಹೊಣೆ ಯಾರದೆಂಬುದೇ ಪ್ರಶ್ನೆ. ಎದುರು ದಿಕ್ಕಿನಲ್ಲಿ ಚಂದ್ರಕಾಂತ ಪೋಕಳೆಯವರಂಥವರು ಮರಾಠಿಯನ್ನು ಕನ್ನಡಕ್ಕೆ ತರುವ ಕೆಲಸವನ್ನು ಇದೇ ಏಕಾಂಗಿ ಉತ್ಸಾಹದಿಂದ ಮಾಡಿದ್ದಾರೆ.

ವೈಚಾರಿಕ ಗದ್ಯದ ಪಾಡು ಇನ್ನೂ ಕೆಳಗಿನದು. ಕಾದಂಬರಿಯನ್ನಾದರೂ ಅನುವಾದಕ ಓದಿ ಮೆಚ್ಚಿ ಎತ್ತಿಕೊಂಡಾನು; ಸಂಶೋಧನ ಗ್ರಂಥವನ್ನು ಎತ್ತಿಕೊಳ್ಳುವವನು ವಿದ್ವಾಂಸನೂ ಆಗಿರಬೇಕು, ಅನುವಾದಕನೂ ಆಗಿರಬೇಕು. ಕನ್ನಡ–ಮರಾಠಿಗಳ ಮೂಲ ಸಂಬಂಧವನ್ನು ಕೆದಕಿದ ಶಂ.ಬಾ. ಜೋಶಿಯವರು ತಮ್ಮ ವಾದವನ್ನು ಮರಾಠಿಗರಿಗೆ ತಲುಪಿಸಲು ತಾವೇ ಮರಾಠಿಯಲ್ಲಿ ಬರೆಯಬೇಕಾಯಿತು. ಪುಣೆಯ ರಾ.ಚಿಂ. ಢೇರೆಯವರು ವಿಠ್ಠಲನ ಕನ್ನಡ ನೆಲೆಗಳನ್ನು ಶೋಧಿಸಿ 1984ರಲ್ಲಿ ಪ್ರಕಟಿಸಿದ ಮಹಾಗ್ರಂಥ ಇಂಗ್ಲಿಷಿಗೆ ಬಂದದ್ದು 2011ರಲ್ಲಿ, ಆನ್ ಫೆಲ್ಡ್‌ಹೌಸ್ ಎಂಬ ಅಮೆರಿಕದ ವಿದುಷಿಯಿಂದ. ಇಪ್ಪತ್ತೇಳು ವರ್ಷದ ನಂತರ. ಪಂಢರಪುರಕ್ಕೂ ವಿಜಯಪುರಕ್ಕೂ ನಡುವಿನ ಅಂತರವನ್ನು ನೆನೆದರೆ, ಈ ಎರಡು ಭಾಷೆಗಳ ವಿದ್ವತ್ತು ಪರಸ್ಪರ ಎಷ್ಟು ನಿಧಾನವಾಗಿ ಕೇಳಿಸಿಕೊಳ್ಳುತ್ತದೆ ಎಂಬುದು ಅರಿವಾಗುತ್ತದೆ.

ಹಾಗಾದರೆ ಕನ್ನಡಕ್ಕೆ ಒಂದು ಏಜೆನ್ಸಿ ಬರಲಿ ಎಂದರೆ ಸಾಕೇ? ಲೆಕ್ಕ ಹಾಕಿ ನೋಡಬೇಕು. 200 ರೂಪಾಯಿ ಬೆಲೆಯ ಕಾದಂಬರಿ, 1,000 ಪ್ರತಿಗಳ ಆವೃತ್ತಿ, ಶೇಕಡಾ 10ರ ಗೌರವಧನ ಎಂದಿಟ್ಟುಕೊಂಡರೆ, ಎಲ್ಲ ಪ್ರತಿಗಳೂ ಮಾರಿದಾಗ ಲೇಖಕನಿಗೆ ಬರುವುದು 20,000 ರೂಪಾಯಿ. ಅದರಲ್ಲಿ ಶೇಕಡಾ 15 ಎಂದರೆ 3,000. ವರ್ಷಕ್ಕೆ ಐವತ್ತು ಪುಸ್ತಕಗಳನ್ನು ಮಾರಿಸಿಕೊಟ್ಟ ಪ್ರತಿನಿಧಿಗೂ ಒಂದೂವರೆ ಲಕ್ಷ ದಾಟದು. ಬಾಡಿಗೆಗೂ ಅಂಚೆಗೂ ಅದು ಹೋಗುತ್ತದೆ. ಆದುದರಿಂದ ಯಾರಾದರೂ ಕನ್ನಡದಲ್ಲಿ ಲಾಭಕ್ಕಾಗಿ ಈ ವೃತ್ತಿಯನ್ನು ಹಿಡಿದರೆ, ಅವನ ಕಣ್ಣು ಅನಿವಾರ್ಯವಾಗಿ ಇಂಗ್ಲಿಷ್ ಅನುವಾದದ ಮೇಲೆ, ಚಲನಚಿತ್ರದ ಹಕ್ಕಿನ ಮೇಲೆ ಇರುತ್ತದೆ. ಗುಲ್‌ಟೇಕಡಿಯ ಹೋಲಿಕೆ ಇಲ್ಲಿ ಮತ್ತೆ ಉಪಯುಕ್ತ. 2016ರಲ್ಲಿ ಮಹಾರಾಷ್ಟ್ರ ಸರಕಾರ ಹಣ್ಣು-ತರಕಾರಿಯ ಅಡತಿಯನ್ನು ರೈತನಿಂದ ಮುರಿದುಕೊಳ್ಳಕೂಡದು, ಕೊಳ್ಳುವವನಿಂದ ಪಡೆಯಬೇಕು ಎಂದಿತು. ದಸ್ತೂರಿಯನ್ನು ಯಾರು ಕೊಡಬೇಕೆಂಬುದು ದೈವನಿಯಮವಲ್ಲ, ಬದಲಾಯಿಸಬಹುದಾದ ಏರ್ಪಾಡು ಎಂಬುದಷ್ಟೇ ಇದರಿಂದ ತೆಗೆದುಕೊಳ್ಳಬೇಕಾದ ಅಂಶ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದಾಗ ಈ ವಿಷಯ ಮೊದಲ ಬಾರಿಗೆ ಕನ್ನಡದ ಸಾರ್ವಜನಿಕ ಚರ್ಚೆಗೆ ಬಂದಿತೆನ್ನಬಹುದು. ಮೂರು ದಶಕಗಳಲ್ಲಿ ಬರೆದ ಕಥೆಗಳಿಂದ ಹನ್ನೆರಡನ್ನು ಆರಿಸಿ ಅನುವಾದಿಸಿದವರು ದೀಪಾ ಭಾಸ್ತಿ. ಅದನ್ನು ಪ್ರತಿನಿಧಿಸಿದವರು ದಿಲ್ಲಿಯ ಕನಿಷ್ಕ ಗುಪ್ತ. ಪ್ರಕಟಿಸಿದ್ದು ಇಂಗ್ಲೆಂಡಿನ ಶೆಫೀಲ್ಡಿನ ಚಿಕ್ಕ ಸಂಸ್ಥೆ ಆ್ಯಂಡ್ ಅದರ್ ಸ್ಟೋರೀಸ್. ಪ್ರಶಸ್ತಿಯ 50,000 ಪೌಂಡುಗಳು ಲೇಖಕಿಗೂ ಅನುವಾದಕಿಗೂ ಸಮಪಾಲು. ಸರಪಳಿಯ ಒಂದೊಂದು ಕೊಂಡಿಯೂ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದೆ; ಅನುವಾದಕಿಯ ಹೆಸರನ್ನೂ ದುಡಿಮೆಯನ್ನೂ ಲೇಖಕಿಯ ಸಮಕ್ಕೆ ಇಟ್ಟ ಆ ಪದ್ಧತಿಯಿಂದ ಇಲ್ಲಿನ ಪುರಸ್ಕಾರಗಳು ಕಲಿಯಬೇಕಾದದ್ದೂ ಇದೆ. ಆದರೆ ಅದರಿಂದ ಒಂದು ಆತಂಕವೂ ಹುಟ್ಟುತ್ತದೆ. ಹಾಸನದ ಕಥೆ ಪುಣೆಗೆ ಬರಲು ದಿಲ್ಲಿ, ಶೆಫೀಲ್ಡ್, ಲಂಡನ್ನುಗಳನ್ನು ಸುತ್ತಿ ಬರಬೇಕಾದ ದಿನ ಬಂದರೆ, ಮರಾಠಿ ಅನುವಾದಕ ಕನ್ನಡದ ಬದಲು ಇಂಗ್ಲಿಷ್ ಪ್ರತಿಯನ್ನು ಮುಂದಿಟ್ಟುಕೊಳ್ಳುತ್ತಾನೆ. ಬೇಡಿಕೆ ಇಂಗ್ಲಿಷ್ ಪುಸ್ತಕದ ಯಶಸ್ಸಿನಿಂದ ಹುಟ್ಟಿದ್ದರೆ ಹಾಗಾಗುವುದು ಸಹಜ. ಟೇಪಿನಲ್ಲಿ ಕನ್ನಡದ ಧ್ವನಿ ಕೇಳಿ ಮರಾಠಿ ಬರೆದ ಪರಂಪರೆ ಆಗ ಮುಗಿದಂತೆಯೇ.

ದಿಲ್ಲಿಯ ಏಜೆನ್ಸಿಗೆ ಕನ್ನಡದಿಂದ ಇಂಗ್ಲಿಷಿಗೆ ಹೋಗುವ ದಾರಿಯನ್ನು ಬಿಟ್ಟುಕೊಡೋಣ. ಅದು ಅಲ್ಲಿ ಹೊಟ್ಟೆ ತುಂಬಿಸುವ ವೃತ್ತಿ. ನೆರೆಯ ಭಾಷೆಗಳ ದಾರಿಯಲ್ಲಿ ಹಣವಿಲ್ಲ. ಹಣವಿಲ್ಲದ ದಾರಿಗೆ ಸಾರ್ವಜನಿಕ ಸಂಸ್ಥೆ ಬೇಕು. ಸಾಹಿತ್ಯ ಅಕಾದೆಮಿ, ನ್ಯಾಷನಲ್ ಬುಕ್ ಟ್ರಸ್ಟ್‌ಗಳು ಅನುವಾದ ಮಾಡಿಸುತ್ತವೆ, ಪ್ರಕಟಿಸುತ್ತವೆ. ಕರ್ನಾಟಕದಲ್ಲಿ 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರವೂ, ಅನುವಾದಕ್ಕೆಂದೇ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವೂ ಇವೆ. ಇವೆಲ್ಲವೂ ಪ್ರಕಾಶಕನ ಕೆಲಸವನ್ನು ಮಾಡುತ್ತವೆಯೇ ಹೊರತು ಪ್ರತಿನಿಧಿಯ ಕೆಲಸವನ್ನಲ್ಲ. ಸರಕಾರ ಇನ್ನೊಂದು ಪುಸ್ತಕವನ್ನು ತಾನೇ ಅಚ್ಚು ಹಾಕುವ ಬದಲು, ಸದಾಶಿವ ಪೇಟೆಯ ಪ್ರಕಾಶಕ ತನ್ನ ಹಣ ಹಾಕಿ ಅಚ್ಚು ಹಾಕುವಂತೆ ಮಾಡುವುದು ಲೇಸು. ತನ್ನ ಹಣ ಹಾಕಿದವನು ಪುಸ್ತಕವನ್ನು ಮಾರಿಯೇ ಮಾರುತ್ತಾನೆ, ಗೋದಾಮಿನಲ್ಲಿ ಇಡುವುದಿಲ್ಲ.

ಇದಕ್ಕೆ ಮೊದಲು ಬೇಕಾದದ್ದು ಯಾವ ಹಕ್ಕು ಯಾರ ಕೈಯಲ್ಲಿದೆ ಎಂಬ ತಿಳಿವಳಿಕೆ. ಒಂದೇ ಗಂಟಿಗೆ ಹಣ ಪಡೆದು ಬಾಯಿಮಾತಿನಲ್ಲಿ ಹಕ್ಕು ಬಿಟ್ಟುಕೊಡುವ ರೂಢಿ ಕನ್ನಡದಲ್ಲಿ ದೀರ್ಘಕಾಲ ನಡೆಯಿತು. 1957ರ ಕಾಯಿದೆ ಈ ವಿಷಯದಲ್ಲಿ ಲೇಖಕನ ಪರವಾಗಿಯೇ ಇದೆ. ಸ್ವಾಮ್ಯದ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಡನೆ ಇರಬೇಕು. 19ನೆಯ ಕಲಮಿನ ಪ್ರಕಾರ ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಅದು ಜಾರಿಹೋಗುತ್ತದೆ. ಕರಾರಿನ ಕಾಲದಲ್ಲಿ ಇಲ್ಲದಿದ್ದ ಮಾಧ್ಯಮಕ್ಕೆ, ಹೆಸರಿಸಿ ಹೇಳದ ಹೊರತು, ವರ್ಗಾವಣೆ ಅನ್ವಯಿಸದೆಂದು 2012ರ ತಿದ್ದುಪಡಿ ಹೇಳಿತು. ಧ್ವನಿಪುಸ್ತಕ, ವಿದ್ಯುನ್ಮಾನ ಪುಸ್ತಕಗಳ ಈ ಕಾಲದಲ್ಲಿ ಇದು ದೊಡ್ಡ ಮಾತು. ಹಳೆಯ ಕರಾರುಗಳಿಗೆ ಎಷ್ಟರ ಮಟ್ಟಿಗೆ ತಗಲುತ್ತದೆಂಬುದನ್ನು ಮಾತ್ರ ಆಯಾ ಕಾಗದವನ್ನು ಎದುರಿಗಿಟ್ಟುಕೊಂಡೇ ಹೇಳಬೇಕು. ಆ ಕಾಗದವೇ ಎಷ್ಟೋ ಕಡೆ ಇಲ್ಲ. ಮರಾಠಿಯಲ್ಲಿ 1976ರಲ್ಲಿ ತೀರಿಕೊಂಡ ವಿ.ಸ. ಖಾಂಡೇಕರರ ಕೃತಿಗಳ ವಿಷಯವಾಗಿ ಪ್ರಕಾಶನ ಸಂಸ್ಥೆಗೂ ವಾರಸುದಾರರಿಗೂ ಎದ್ದ ವ್ಯಾಜ್ಯ ಮುಂಬಯಿ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಸ್ವಾಮ್ಯವನ್ನು ವರ್ಗಾಯಿಸುವುದು ಬೇರೆ, ಪ್ರಕಟಿಸಲು ಪರವಾನಗಿ ಕೊಡುವುದು ಬೇರೆ ಎಂಬ ಭೇದ ಅಲ್ಲಿ ವಿಚಾರಕ್ಕೆ ಬಂತು. ಜ್ಞಾನಪೀಠ ಪಡೆದ ಲೇಖಕನ ಪಾಡೇ ಇದಾದರೆ ಉಳಿದವರದನ್ನು ಹೇಳಬೇಕಾಗಿಲ್ಲ.

ಕೃತಿಸ್ವಾಮ್ಯದ ಅವಧಿ ಲೇಖಕನ ಮರಣಾನಂತರ 50 ವರ್ಷವಿದ್ದದ್ದು 1992ರಲ್ಲಿ 60 ಆಯಿತು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕೃತಿಗಳ ಸ್ವಾಮ್ಯ 2041ರ ಕೊನೆಯವರೆಗೆ. 1997ರಲ್ಲಿ ಅಗಲಿದ ಕಾರಂತರದು 2057ರವರೆಗೆ. 2025ರ ಸೆಪ್ಟೆಂಬರಿನಲ್ಲಿ ಅಗಲಿದ ಭೈರಪ್ಪನವರದು 2085ರವರೆಗೆ. ಇವರ ಮಾತು ಬಿಡಿ. ಇವರ ವಾರಸುದಾರರೂ ಪ್ರಕಾಶಕರೂ ಗೊತ್ತಿರುವವರೇ. ನಾಲ್ಕು ಕಥಾಸಂಕಲನ ಬರೆದು 1980ರ ಸುಮಾರಿಗೆ ತೀರಿಕೊಂಡ ಒಬ್ಬ ಮಾಸ್ತರನನ್ನು ಮರಾಠಿಗೆ ತರಬೇಕೆನ್ನುವವನು ಪತ್ರ ಬರೆಯುವುದು ಯಾರಿಗೆ? ಪ್ರಕಾಶನ ಮುಚ್ಚಿದೆ, ಮಕ್ಕಳಲ್ಲಿ ಒಬ್ಬ ಮುಂಬಯಿಯಲ್ಲಿ, ಒಬ್ಬಳು ಅಮೆರಿಕದಲ್ಲಿ, ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದು, ತಾವು ಹಕ್ಕುದಾರರೆಂಬುದೂ ತಿಳಿಯದು. ಪ್ರಕಟವಾಗಿ ಏಳು ವರ್ಷ ಕಳೆದ ಕೃತಿಯ ಅನುವಾದಕ್ಕೆ ಪರವಾನಗಿ ಬೇಡಲು ಕಾಯಿದೆಯ 32ನೆಯ ಕಲಮಿನಲ್ಲಿ ಅವಕಾಶವಿದೆ, ನಿಜ. ಸಾವಿರ ಪ್ರತಿಯ ಅನುವಾದಕ್ಕಾಗಿ ವಕೀಲರನ್ನು ಹಿಡಿಯುವ ಅನುವಾದಕ ಎಲ್ಲಿದ್ದಾನೆ? ಅವನು ಸುಮ್ಮನೆ ಬೇರೆ ಪುಸ್ತಕವನ್ನು ಎತ್ತಿಕೊಳ್ಳುತ್ತಾನೆ.

ಈ ಶೋಧ ವಕೀಲರ ಕೆಲಸಕ್ಕಿಂತ ಹೆಚ್ಚಾಗಿ ಕನ್ನಡ ವಿಭಾಗಗಳ ಕೆಲಸ. ಹಸ್ತಪ್ರತಿಯ ಲಿಪಿಕಾರನ ಊರನ್ನು ಪುಷ್ಪಿಕೆಯಿಂದ ಹುಡುಕಿ ತೆಗೆಯುವ ಶಿಸ್ತನ್ನು ವಿಭಾಗಗಳು ಕಲಿಸಿವೆ. ನಲವತ್ತು ವರ್ಷದ ಹಿಂದಿನ ಕಥೆಗಾರನ ವಾರಸುದಾರನನ್ನು ಹುಡುಕುವುದು ಅದಕ್ಕಿಂತ ಕಷ್ಟವಾಗಲಾರದು. ವಿಭಾಗಗಳು ತಮ್ಮ ಮನೆಯನ್ನೂ ಒಮ್ಮೆ ನೋಡಿಕೊಳ್ಳಬೇಕಾಗಿದೆ. ಪಠ್ಯಸಂಕಲನಕ್ಕೆ ಕಥೆ, ಪ್ರಬಂಧಗಳನ್ನು ಆಯ್ದುಕೊಳ್ಳುವಾಗ ಅನುಮತಿ ಕೇಳುವುದು ಎಲ್ಲ ಕಡೆಯೂ ರೂಢಿಯಲ್ಲಿಲ್ಲ. ಬೋಧನೆಗೆಂದು ಮಾಡಿದ್ದಕ್ಕೆ ಕಾಯಿದೆಯ ವಿನಾಯಿತಿಯಿದೆ ಎಂಬ ನಂಬಿಕೆಯೇ ಅದಕ್ಕೆ ಕಾರಣ. ಆ ವಿನಾಯಿತಿ ಇರುವುದು ಬಹುಮಟ್ಟಿಗೆ ಸ್ವಾಮ್ಯ ತೀರಿದ ಬರಹಗಳ ಸಂಕಲನದಲ್ಲಿ ಸೇರಿಸುವ ಚಿಕ್ಕ ಭಾಗಗಳಿಗೆ, ಅದೂ ಒಬ್ಬ ಲೇಖಕನಿಂದ ಐದು ವರ್ಷಕ್ಕೆ ಎರಡಕ್ಕೆ ಮೀರದಂತೆ. ಬದುಕಿರುವ ಹತ್ತು ಜನ ಕಥೆಗಾರರ ಪೂರ್ತಿ ಕಥೆಗಳ ಸಂಕಲನ ಆ ಮಾತಿನೊಳಗೆ ಬರುವುದಿಲ್ಲ. ಲೇಖಕನ ಪರವಾಗಿ ಕೇಳುವವನೊಬ್ಬ ಇದ್ದಿದ್ದರೆ ಮೊದಲ ಪತ್ರ ಬಂದು ಬೀಳುತ್ತಿದ್ದದ್ದು ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳಿಗೇ ಇರಬಹುದು.

ಏಜೆನ್ಸಿಯ ವಿರುದ್ಧ ಹೇಳಬಹುದಾದ ಗಟ್ಟಿಯಾದ ಮಾತೊಂದಿದೆ. ಪ್ರತಿನಿಧಿ ಮಾರಾಟವಾಗುವುದನ್ನೇ ಆರಿಸುತ್ತಾನೆ. ಕಾಲಕ್ರಮದಲ್ಲಿ ಲೇಖಕ ಅವನಿಗೆ ಬೇಕಾದುದನ್ನೇ ಬರೆಯತೊಡಗುತ್ತಾನೆ. ಕುರ್ತಕೋಟಿಯವರು ಮಾಡುತ್ತಿದ್ದ ಆಯ್ಕೆಗೂ ಹಕ್ಕಿನ ವ್ಯಾಪಾರಿ ಮಾಡುವ ಆಯ್ಕೆಗೂ ಅಜಗಜಾಂತರ. ಈ ಮಾತು ನಿಜವೇ. ಆದುದರಿಂದಲೇ ಸಾರ್ವಜನಿಕ ಸಂಸ್ಥೆ ಆಯ್ಕೆಯನ್ನು ತನ್ನ ಕೈಗೆ ತೆಗೆದುಕೊಳ್ಳಬಾರದು. ಯಾವ ಕೃತಿ ಶ್ರೇಷ್ಠವೆಂದು ಅದು ಹೇಳುವುದು ಬೇಡ. ಆ ಕೆಲಸಕ್ಕೆ ಸಮಿತಿಗಳ ಕೊರತೆ ಕನ್ನಡದಲ್ಲಿ ಎಂದೂ ಆಗಿಲ್ಲ. ಕೇಳಿದವನಿಗೆ ಹಕ್ಕುದಾರನ ವಿಳಾಸ ಕೊಡುವುದು, ಒಂದು ಮಾದರಿ ಕರಾರನ್ನು ಎರಡೂ ಭಾಷೆಯಲ್ಲಿ ಕೊಡುವುದು, ಹಣ ಬಂತೋ ಇಲ್ಲವೋ ಎಂದು ವರ್ಷಕ್ಕೊಮ್ಮೆ ವಿಚಾರಿಸುವುದು, ದಸ್ತೂರಿಯನ್ನು ಲೇಖಕನಿಂದ ಮುರಿಯದೆ ಸರಕಾರದ ಅನುದಾನದಿಂದ ಭರಿಸುವುದು: ಇಷ್ಟಾದರೆ ಸಾಕು. ಆಯ್ಕೆ ಅನುವಾದಕನ ಅಭಿಮಾನಕ್ಕೇ ಇರಲಿ. ಗುಮಾಸ್ತಿಕೆಯ ಹೊರೆ ಮಾತ್ರ ಅವನ ಹೆಗಲಿನಿಂದ ಇಳಿಯಲಿ.

ಆರಂಭಿಸಲು ಕಟ್ಟಡ ಬೇಕಾಗಿಲ್ಲ. 1966ರಿಂದ ಈಚೆಗೆ ತೀರಿಕೊಂಡ ಕನ್ನಡ ಲೇಖಕರ ಯಾದಿಯೊಂದನ್ನು ಒಂದು ವಿಭಾಗ ಎಂ.ಎ. ವಿದ್ಯಾರ್ಥಿಗಳ ಕ್ಷೇತ್ರಕಾರ್ಯವಾಗಿ ಕೈಗೊಳ್ಳಬಹುದು: ಲೇಖಕನ ಮರಣದ ವರ್ಷ, ಕೊನೆಯ ಆವೃತ್ತಿಯ ಪ್ರಕಾಶಕ, ಬರಹದಲ್ಲಿ ಕರಾರು ಉಂಟೋ ಇಲ್ಲವೋ, ವಾರಸುದಾರನ ಒಪ್ಪಿಗೆಯಿದ್ದರೆ ಅವನನ್ನು ತಲುಪುವ ಬಗೆ, ಯಾವ ಯಾವ ಭಾಷೆಗೆ ಅನುಮತಿ ಈಗಾಗಲೇ ಹೋಗಿದೆ. ಮೊದಲ ವರ್ಷಕ್ಕೆ ವಿಭಾಗದ ಸ್ವಂತ ಪಠ್ಯಪಟ್ಟಿಯಲ್ಲಿರುವ ಹೆಸರುಗಳೇ ಸಾಕಾಗುತ್ತವೆ. ಮರಾಠಿಯ ಮಟ್ಟಿಗೆ ಏನು ಬಂದಿದೆ, ಏನು ಬಂದಿಲ್ಲ ಎಂಬ ಕಲಮನ್ನು ತುಂಬಲು ಒಬ್ಬಿಬ್ಬರು ವಿದ್ಯಾರ್ಥಿಗಳು ರಾತ್ರಿಯ ಬಸ್ಸು ಹಿಡಿದು ಸ್ವಾರಗೇಟದಲ್ಲಿ ಇಳಿದು, ಟಿಳಕ ರಸ್ತೆಯ ಸಾಹಿತ್ಯ ಪರಿಷತ್ತಿನ ಗ್ರಂಥಾಲಯದಲ್ಲಿಯೂ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಲ್ಲಿಯೂ ಒಂದು ವಾರ ಕುಳಿತರೆ ಆದೀತು.